ಅಂಗೈ ಮೇಲೆ ಬಿದ್ದ ಬೆಳಕು

ನಾರಾಯಣಗೂಡದ ಕಾಲೇಜಿನಲ್ಲಿ ಎಂ.ಟೆಕ್ ಓದುವಾಗ ನನ್ನ ಪ್ರಾಜೆಕ್ಟಿಗೆ ಇದ್ದದ್ದು ಒಂದು ಎಲ್‌ಇಡಿ ದೀಪ. ವೈಫೈ ಮಾಡುವ ಕೆಲಸವನ್ನು ನಾನು ಬೆಳಕಿನಿಂದ ಮಾಡಿಸಬೇಕಿತ್ತು. ದೀಪ ಕಣ್ಣಿಗೆ ತಿಳಿಯದಷ್ಟು ಬೇಗಬೇಗ ಹತ್ತಿ ಆರುತ್ತದೆ. ಮೇಜಿನ ಮೇಲಿನ ಸಣ್ಣ ಸೆನ್ಸರ್ ಅದನ್ನು ಓದಿ ಕಂಪ್ಯೂಟರಿಗೆ ಕೊಡುತ್ತದೆ. ಅಕ್ಷರಗಳು ಸಲೀಸಾಗಿ ದಾಟುತ್ತಿದ್ದವು. ವಿಡಿಯೋ ಹಾಕಿದರೆ ಮಾತ್ರ ಚಿತ್ರ ಚೂರುಚೂರಾಗಿ ನಿಂತುಬಿಡುತ್ತಿತ್ತು. ದೀಪವನ್ನು ಇನ್ನಷ್ಟು ಪ್ರಖರ ಮಾಡಿದೆ, ಸೆನ್ಸರನ್ನು ಹತ್ತಿರ ತಂದೆ. ವೇಗ ಏರಲಿಲ್ಲ.

ನನ್ನ ಗೈಡ್ ಆಗಿದ್ದ, ತೆಲುಗು ಮನೆಮಾತಿನ ಮೇಡಂ ಒಂದು ದಿನ ಲ್ಯಾಬಿಗೆ ಬಂದು ದೀಪವನ್ನೇ ನೋಡುತ್ತ ನಿಂತರು. ಬಿಳಿ ಎಲ್‌ಇಡಿಯ ಒಳಗೆ ಹುಟ್ಟುವುದು ನೀಲಿ ಬೆಳಕು. ಮೇಲಿನ ಹಳದಿ ಲೇಪನದಿಂದ ಅದು ಬಿಳಿಯಾಗಿ ಕಾಣುತ್ತದೆ. ನೀಲಿ ಥಟ್ಟನೆ ಆರುತ್ತದೆ, ಹಳದಿ ತುಸು ಉಳಿದುಕೊಂಡು ಮುಂದಿನ ಮಿನುಗಿನೊಳಗೆ ಕಲಸಿಹೋಗುತ್ತದೆ ಎಂದರು. ಹಳದಿಯನ್ನು ತಡೆದು ನೋಡಲು ಹೇಳಿದರು. ಇರುವ ಬೆಳಕನ್ನೂ ಕಳೆದುಕೊಂಡರೆ ವೇಗ ಹೇಗೆ ಬಂದೀತು? ಅನುಮಾನದಲ್ಲೇ ಕೋಠಿ ಬಜಾರಿಗೆ ಹೋಗಿ, ಕ್ಯಾಮೆರಾ ಸಾಮಾನಿನ ಅಂಗಡಿಯಿಂದ ನೀಲಿ ಫಿಲ್ಟರ್ ಗಾಜು ತಂದೆ.

ಅದನ್ನು ಸೆನ್ಸರ್ ಮೇಲಿಟ್ಟ ದಿನ ಅವ್ವ ಊಟದ ಡಬ್ಬಿ ತಂದಿದ್ದಳು. ಪರೀಕ್ಷೆಗೆ ನಾನು ಬಳಸುತ್ತಿದ್ದದ್ದು ಕಲಬುರಗಿಯಲ್ಲಿ ಅಜ್ಜಿ ರೊಟ್ಟಿ ಬಡಿಯುವ ವಿಡಿಯೋ, ನಾನೇ ಮೊಬೈಲಿನಲ್ಲಿ ತೆಗೆದದ್ದು. ಹಾಕಿದೆ. ಅಜ್ಜಿಯ ಕೈ ಏಳುತ್ತ ಬೀಳುತ್ತ ಎಲ್ಲೂ ತಡೆಯದೆ ಸಾಗಿತು. ಹಿಟ್ಟಿನ ಪುಡಿ ಹಾರುವುದೂ ಕಾಣುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ.

“ಇದಕ್ಕ ವಯರ್ ಎಲ್ಲೈತಿ?” ಅವ್ವ ಕೇಳಿದಳು.

“ವಯರ್ ಇಲ್ಲವ್ವ. ಆ ದೀಪದ ಬೆಳಕಿನಾಗ ಬರಾಕತ್ತೈತಿ.”

“ಸುಳ್ಳ ಹೇಳಬ್ಯಾಡ.”

ಅವ್ವ ಹತ್ತಿರ ಬಂದು ದೀಪಕ್ಕೂ ಸೆನ್ಸರಿಗೂ ನಡುವೆ ಅಂಗೈ ಒಡ್ಡಿದಳು. ಪರದೆಯಲ್ಲಿ ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಅಂಗೈ ಸರಿಸಿದಳು, ಕೈ ರೊಟ್ಟಿಯ ಮೇಲೆ ಬಿತ್ತು, ಟಪಟಪ ಸದ್ದು ಮತ್ತೆ ಶುರುವಾಯಿತು. ಇನ್ನೊಮ್ಮೆ ಒಡ್ಡಿದಳು. ಈ ಸಲ ತೆಗೆಯಲಿಲ್ಲ.

“ಹಂಗಾರ ನಮ್ಮವ್ವ ಈಗ ನನ್ನ ಅಂಗೈ ಮ್ಯಾಲ ಅದಾಳೇನ?”

“ಹೂಂ” ಎಂದೆ. ಅವಳ ಅಂಗೈಯಲ್ಲಿ ಕಾಣುತ್ತಿದ್ದದ್ದು ಬರೀ ಬಿಳಿ ಬೆಳಕು. ಅಜ್ಜಿಯ ಬಳೆ, ಹಂಚು, ಒಲೆಯ ಹೊಗೆ ಎಲ್ಲವೂ ಅಲ್ಲಿಯೇ ಸುರಿಯುತ್ತಿದ್ದವು. ದಿನವೂ ಅದೇ ದೀಪದ ಕೆಳಗೆ ಕೂತಿದ್ದ ನನಗೆ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಮೇಡಂ ಬಂದರು. ಪರದೆಯ ಮೂಲೆಯಲ್ಲಿದ್ದ ವೇಗದ ಅಂಕಿ ನೋಡಿ “ಚಾಲಾ ಬಾಗುಂದಿ” ಎಂದು ಮೆಚ್ಚಿದರು. ಅವ್ವ ಅವರನ್ನು ಬಿಡಲಿಲ್ಲ.

“ನೀವೂ ಕೈ ಅಡ್ಡ ಹಿಡೀರಿ, ಮೇಡಂ.”

ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದ್ದ ಮೇಡಂ ನಗುತ್ತ ಕೈ ಒಡ್ಡಿದರು. ಪರದೆಯಲ್ಲಿ ಅಜ್ಜಿಯ ಕೈ ನಿಂತಿತು. ಮೇಡಂ ನಗು ನಿಲ್ಲಿಸಿ ತಮ್ಮ ಬೆರಳುಗಳನ್ನೇ ನೋಡುತ್ತ ಬಹಳ ಹೊತ್ತು ಹಾಗೇ ಇದ್ದರು.