ಫೋಟೋದವರು ಬಂದ ಎಳ್ಳಮಾಸಿ

ಆಗ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ನಮ್ಮ ಅತನೂರು ಮನೆಗಳಿಗೆ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತಿತ್ತು. ನಮ್ಮನ್ನು ನೋಡಲು ಯಾರೂ ಬರುತ್ತಿರಲಿಲ್ಲ, ಯಾರಿಗೋ ತೋರಿಸಬೇಕೆಂಬ ಹುಚ್ಚು ನಮಗೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣುವುದು, ಉಣ್ಣುವ ಮೊದಲು ಭೂಮಿತಾಯಿಗೆ ಉಣಿಸುವುದು, ಅಷ್ಟೇ ಹಬ್ಬ. ಈಗ ಮೊಬೈಲ್ ತೆಗೆದರೆ ಸಾಕು, ನಮ್ಮ ರಾಜ್ಯಕ್ಕೆ ಯಾಕೆ ಬರಬೇಕು ಅಂತ ಯಾರೋ ಪಾಠ ಮಾಡುತ್ತಿರುತ್ತಾರೆ. ಊಟಕ್ಕೆ ಬನ್ನಿ, ಹಬ್ಬಕ್ಕೆ ಬನ್ನಿ, ಸಂಸ್ಕೃತಿಗೆ ಬನ್ನಿ. ದೋಸೆ, ಆನೆ, ಅರಮನೆ ಎಲ್ಲ ಮುಗಿದ ಮೇಲೆ ಕೊನೆಗೆ ನಮ್ಮ ಕಡೆಯದೊಂದು ರೊಟ್ಟಿ, ಅದೂ ಎಣ್ಣೆ ಸವರಿ ಮಿರಮಿರ ಹೊಳೆಯುವ ರೊಟ್ಟಿ. ಕಂಡರೆ ಥೂ ಅಂತ ಉಗುಳಬೇಕೆನಿಸುತ್ತದೆ ನನಗೆ.

ಯಾಕೆ ಇಷ್ಟು ಸಿಟ್ಟು ಅಂತ ಕೇಳಿದರೆ ಐದನೇ ಇಯತ್ತೆಯಲ್ಲಿದ್ದಾಗಿನ ಆ ಎಳ್ಳಮಾಸಿಯ ಕಥೆ ಹೇಳಬೇಕಾಗುತ್ತದೆ.

ಹಿಂದಿನ ದಿನವೇ ಮನೆ ತುಂಬ ಭಜ್ಜಿಯ ವಾಸನೆ. ಕರಿದ ಭಜ್ಜಿ ಅಲ್ಲ ಮತ್ತೆ. ಹಸಿ ತೊಗರಿ, ಕಡ್ಲಿ, ಅವರೆ, ಶೇಂಗಾ, ಮೆಂತ್ಯ, ಕೈಗೆ ಸಿಕ್ಕ ಸೊಪ್ಪೆಲ್ಲ ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಕೊತಕೊತ ಕುದಿಸುವ ಭಜ್ಜಿ. ಪಕ್ಕದ ಮನೆ ಮೌಲಾಬಿ ಸೆರಗಿನ ತುಂಬ ಸೊಪ್ಪು ತಂದು ಸುರಿದು, ತಾನೇ ಒಲೆ ಮುಂದೆ ಕೂತುಬಿಡುತ್ತಿದ್ದಳು. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಹದವಾಗಿ ಹುಳಿ ಬಂದ ಅಂಬಲಿ. ಕದ್ದು ತಿನ್ನಲು ಹೋದರೆ ಆಯಿ ಸೌಟು ತಗೊಂಡೇ ಬರುತ್ತಿದ್ದಳು.

ಆಯಿ ಅಂದರೆ ನನ್ನ ಅಪ್ಪನ ತಾಯಿ. ಆ ವರ್ಷ ಅವಳ ಜೀವವೆಲ್ಲ ಒಂದೇ ಕಡೆ ನೆಟ್ಟಿತ್ತು. ಅಪ್ಪ ಮತ್ತು ಅವನ ತಮ್ಮ ಶರಣಪ್ಪ ಕಾಕಾ ಮಾತು ಬಿಟ್ಟು ವರ್ಷಗಳಾಗಿದ್ದವು. ಹೊಲ ಪಾಲಾದಾಗ ಬದುವಿನ ಮೇಲಿನ ಬೇವಿನ ಗಿಡ ಯಾರದು ಅಂತ ಹತ್ತಿದ ಜಗಳ. ಗಿಡ ತನ್ನ ಪಾಡಿಗೆ ಎರಡೂ ಹೊಲಕ್ಕೆ ನೆರಳು ಚೆಲ್ಲುತ್ತಿತ್ತು, ಅಣ್ಣತಮ್ಮ ಇಬ್ಬರೂ ಬಿಸಿಲಲ್ಲೇ ಕೂತು ಬುತ್ತಿ ಉಣ್ಣುತ್ತಿದ್ದರು.

ಎಳ್ಳಮಾಸಿಯ ದಿನ ನಮ್ಮಲ್ಲೊಂದು ಪದ್ಧತಿ. ಭಜ್ಜಿ, ಕಡಬು ಹೊಲದ ಸುತ್ತ ಎರಚಿ ಚರಗ ಚೆಲ್ಲಿದ ಮೇಲೆ ಹೊಲದ ಯಜಮಾನ ಯಾರನ್ನೇ ಊಟಕ್ಕೆ ಕರೆದರೂ ಅವರು ಒಲ್ಲೆ ಅನ್ನುವಂತಿಲ್ಲ. ವೈರಿಯಾದರೂ ಬಂದು ಒಂದು ತುತ್ತು ಉಣ್ಣಬೇಕು. ಉಂಡ ಮೇಲೆ ಜಗಳ ಮುಂದುವರಿಸಿದರೆ ಊರು ಬಾಯಿಗೆ ಬಂದಂತೆ ಬೈಯುತ್ತದೆ. ಆಯಿ ಇದನ್ನೇ ಹಿಡಿದುಕೊಂಡು ಇಬ್ಬರ ನಡುವೆ ಅಲೆದಳು.

"ನಾ ಮೊದ್ಲು ಕರಿಯಂಗಿಲ್ಲ," ಅಂದ ಅಪ್ಪ. "ಅವ ಬದುವಿನ ಮ್ಯಾಲ ಬಂದು ನಿಂತ್ರ ಕರೀತೇನಿ."

ಕಾಕಾನ ಉತ್ತರವೂ ಹಾಗೇ. "ನಿಲ್ತೇನಿ ಯವ್ವಾ. ಅಣ್ಣ ಕರದ್ರ ಬರ್ತೇನಿ. ಕರೀಲಿಲ್ಲಂದ್ರ ಮತ್ತ ನನ್ನ ಕೇಳಬ್ಯಾಡ."

ಅಂತೂ ಇಬ್ಬರೂ ಒಪ್ಪಿದರು. ಆಯಿ ಆ ರಾತ್ರಿ ಕಾಕಾನಿಗೆ ಅಂತಲೇ ಬೆಲ್ಲ ಜಾಸ್ತಿ ಹಾಕಿ ಹೋಳಿಗೆ ಬೇಯಿಸಿ ಬೇರೆ ಬಟ್ಟೆಯಲ್ಲಿ ಕಟ್ಟಿಟ್ಟಳು.

ಮರುದಿನ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲು ಒಳಗಿಟ್ಟು, ಪಾಂಡವರು ಅಂತ ಪೂಜೆ ಮಾಡಿ ಮುಗಿಸಿದ್ದೆವು. ಆಗ ಅಫಜಲಪುರದ ಕಡೆಯಿಂದ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂತು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ, ಕರಿ ಕನ್ನಡಕದ ಒಬ್ಬಳು ಮೇಡಂ. ಹೊರಗಿನವರು ನಮ್ಮ ರಾಜ್ಯ ನೋಡಲು ಬರಲಿ ಅಂತ ಊಟ, ಹಬ್ಬಗಳ ಮೇಲೆ ಪುಸ್ತಕ ಮಾಡುತ್ತಿದ್ದಾರಂತೆ. ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಬರ್ರಿ, ಬರ್ರಿ. ಊಟಕ್ಕ ಕೂಡ್ರಿ."

"ಮೊದಲು ಫೋಟೋ, ಆಮೇಲೆ ಊಟ," ಅಂದಳು ಮೇಡಂ.

ಕ್ಯಾಮೆರಾದವನು ಬೂಟುಗಾಲಲ್ಲೇ ಕೊಂಪೆಯೊಳಗೆ ಹೋಗಿ, ನೆರಳಿದೆ ಅಂತ ಐದೂ ಕಲ್ಲು ಎತ್ತಿ ಬಿಸಿಲಿಗಿಟ್ಟ. ಪೂಜೆಯಾದ ಕಲ್ಲು! "ಅಯ್ಯ, ಬ್ಯಾಡ್ರಿ," ಅಂತ ಆಯಿ ಓಡಿದರೆ, "ಇರ್ಲಿ ಬಿಡವ್ವಾ, ದೊಡ್ಡೋರು ಬಂದಾರ," ಅಂದ ಅಪ್ಪ. ಆಮೇಲೆ ಚರಗ. ಆಯಿ ಒಮ್ಮೆ ಎರಚಿದಳು. "ಅಜ್ಜಿ, ಇನ್ನೊಂದು ಸಲ. ಕೈ ಮೇಲೆತ್ತಿ." ಮತ್ತೆ ಎರಚಿದಳು. "ಈ ಕಡೆ ನೋಡ್ತಾ." ಬುಟ್ಟಿಯ ತಳ ಕಾಣುವ ತನಕ ಎರಚಿಸಿದರು. ಮೇಡಂ ಅಂಬಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡವಳೇ ಕಡ್ಲಿ ಸಾಲಿನ ಮೇಲೆ ಉಗುಳಿ, ಕರವಸ್ತ್ರದಿಂದ ನಾಲಿಗೆ ಉಜ್ಜಿಕೊಂಡಳು. "ಕೆಟ್ಟೋಗಿದೆ ಕಣ್ರೀ ಇದು." ನಾಲಿಗೆ ಉಜ್ಜಿಕೊಳ್ಳುವುದನ್ನು ನಾನು ಅದೇ ಮೊದಲು ಕಂಡದ್ದು. ಅಸಹ್ಯ ಅಂದರೆ ಏನು ಅಂತ ಆ ದಿನ ಗೊತ್ತಾಯಿತು.

"ಯಾ ಅಲ್ಲಾ, ಉಣ್ಣಾಕ ಬಂದಾರೋ ಉಗುಳಾಕ ಬಂದಾರೋ," ಅಂತ ಮೌಲಾಬಿ ಗೊಣಗಿದಳು.

ಅಷ್ಟರಲ್ಲಿ ಕಾಕಾ ಬಂದ. ಬಿಳಿ ಅಂಗಿ ಹಾಕಿಕೊಂಡು ಬೇವಿನ ಗಿಡದ ಕೆಳಗೆ ಬದುವಿನ ಮೇಲೆ ನಿಂತ. ಆಯಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ರೊಟ್ಟಿಯ ತುಂಬ ಭಜ್ಜಿ ಹಾಕಿಕೊಂಡು, ಅವರು ಹೇಳಿದಂತೆ ಬಾಯಿಯ ಹತ್ತಿರ ಹಿಡಿದು ನಗುತ್ತ ಕೂತಿದ್ದ. ಕಾಕಾನನ್ನು ಕಂಡ. ಕಂಡದ್ದು ನಾನು ನೋಡಿದೆ.

"ಏ ಯಜಮಾನ್ರೇ, ಅಡ್ಡ ಬರ್ತಿದೀರಿ, ಆ ಕಡೆ ಸರ್ಕೊಳ್ಳಿ," ಅಂದ ಕ್ಯಾಮೆರಾದವನು.

ಕಾಕಾ ಅವನ ಕಡೆ ತಿರುಗಲಿಲ್ಲ, ಅಣ್ಣನನ್ನೇ ನೋಡುತ್ತಿದ್ದ. ಬಾ ಅಂತ ಒಂದು ಮಾತು ಸಾಕಿತ್ತು. "ಅಲುಗಾಡ್ಬೇಡಿ, ನಗ್ತಾ ಇರಿ," ಅಂದಳು ಮೇಡಂ. ಅಪ್ಪ ಅಲುಗಾಡಲಿಲ್ಲ. ನಗುತ್ತಲೇ ಇದ್ದ. ಕಾಕಾ ಕ್ಯಾಮೆರಾದವನು ಹೇಳಿದ ಹಾಗೆ ಪಕ್ಕಕ್ಕೆ ಸರಿದ, ಬದು ಇಳಿದ, ತನ್ನ ಜೋಳದೊಳಗೆ ಹೋಗಿಬಿಟ್ಟ. ಫೋಟೋ ಆದ ಮೇಲೆ ಅಪ್ಪ ಎದ್ದು "ಏ ಶರಣ್ಯಾ!" ಅಂತ ಕೂಗಿದ. ಆಗ ಕೂಗಿ ಏನು ಬಂತು?

ಆಯಿ ಹೋಳಿಗೆಯ ಗಂಟು ಹಿಡಿದು ಬದುವಿಗೆ ಓಡಿದಳು. ಜೋಳದೊಳಗಿಂದ ಕಾಕಾನ ಧ್ವನಿ ಮಾತ್ರ ಬಂತು.

"ಫೋಟೋದವ್ರು ಹೋದ್ರೇನ್ ಯವ್ವಾ?"

"ಇನ್ನಾ ಇದ್ದಾರಪ್ಪಾ."

"ಹಂಗಾರ ಅವ್ರಿಗೇ ಉಣಸು."

ಅವರು ಉಣ್ಣಲೂ ಇಲ್ಲ. ಕಡಬು ಚಿವುಟಿ ಎಸೆದು, ನೀರಿನ ಬಾಟಲಿ ಸಾಲಿನಲ್ಲೇ ಬಿಟ್ಟು ಹೋದರು. ಮುಂದೆ ಪುಸ್ತಕ ಬಂತು. ಅಪ್ಪನ ಫೋಟೋದ ಕೆಳಗೆ, ಬಂದವರನ್ನು ಉಣಿಸದೆ ಕಳಿಸದ ಜನ ಅಂತ ಬರೆದಿದ್ದರು. ಅಪ್ಪ ಆ ಪುಟಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಆಯಿ ಸಾಯುವ ತನಕ ಅದರ ಕಡೆ ಬೆನ್ನು ಮಾಡಿಯೇ ಉಂಡಳು.

ಈಗ ಮೌಲಾಬಿಯೂ ಇಲ್ಲ, ಬೇವಿನ ಗಿಡವೂ ಇಲ್ಲ. ಭಜ್ಜಿ ಕಲಬುರಗಿಯ ಅಂಗಡಿಯಲ್ಲಿ ಡಬ್ಬಿಗೆ ಹಾಕಿ ಕೊಡುತ್ತಾರೆ. ಅಪ್ಪ ಹೋದ ವರ್ಷ ತೀರಿಕೊಂಡ. ಮಣ್ಣಿಗೆ ಕಾಕಾ ಬಂದಿದ್ದ, ಯಾರ ಜೊತೆಗೂ ಮಾತಾಡದೆ ಹೋಗಿದ್ದ. ಈ ಸಲದ ಎಳ್ಳಮಾಸಿಗೆ ನಾನು ಜೇವರ್ಗಿಯಿಂದ ಮಗನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಚರಗ ಚೆಲ್ಲಿ ತಲೆ ಎತ್ತಿದರೆ ಬದುವಿನ ಮೇಲೆ ಕೋಲೂರಿಕೊಂಡು ಕಾಕಾ ನಿಂತಿದ್ದ. ಮತ್ತದೇ ಬಿಳಿ ಅಂಗಿ. ಗಂಟಲು ಹರಿದುಹೋಗುವ ಹಾಗೆ ಕೂಗಿದೆ.

"ಕಾಕಾ, ಉಣ್ಣಾಕ ಬರ್ರಿ!"

ಕಾಕಾ ಒಂದು ಕಾಲು ನಮ್ಮ ಹೊಲದೊಳಗೆ ಇಟ್ಟ. ಹಿಂದಿನಿಂದ ಮಗನ ಧ್ವನಿ ಬಂತು. ಮೊಬೈಲ್ ಎತ್ತಿ ಹಿಡಿದಿದ್ದ.

"ಮಮ್ಮಿ, ಇನ್ನೊಂದ್ಸಲ ಕರಿ. ಸರಿಯಾಗಿ ಬರ್ಲಿಲ್ಲ."

ಕಾಕಾ ಇಟ್ಟ ಕಾಲು ಹಿಂದೆ ತೆಗೆದ.

"ಫೋಟೋದವ್ರು ಹೋಗ್ಲಿ ತಂಗಿ," ಅಂದ. "ಆಮ್ಯಾಲ ಬರ್ತೇನಿ."

ಈ ಫೋಟೋದವನು ನನ್ನ ಹೊಟ್ಟೆಯಲ್ಲೇ ಹುಟ್ಟಿದವನು. ಇವನನ್ನು ಎಲ್ಲಿಗೆ ಕಳಿಸಲಿ?