ಹದಿನಾಲ್ಕನೇ ನಂಬರಿನ ತಿಗಣೆ

ಸ್ಪ್ಲಿಟ್ ಬಂದರಿಗೆ ಹಡಗು ಬಂತೆಂದರೆ ಸಾಕು, ಪೆರೀನಾ ರಟ್ಟಿನ ಬೋರ್ಡನ್ನು ಎದೆಗವಚಿಕೊಂಡು ಮುಂದಕ್ಕೆ ನುಗ್ಗುತ್ತಿದ್ದಳು. ಬೋರ್ಡಿನ ಮೇಲೆ 'ಸೋಬೆ' ಎಂದು ದಪ್ಪಕ್ಷರ, ಅಂದರೆ ಕೋಣೆ ಬಾಡಿಗೆಗಿದೆ. ಹೋಟೆಲಿನ ಮೆಟ್ಟಿಲು ಹತ್ತುವ ತಾಕತ್ತಿಲ್ಲದೆ, ಡೆಕ್ಕಿನ ಮೇಲೇ ಮಲಗಿ, ಒಣ ಬ್ರೆಡ್ಡು ಕಡಿದು ದೇಶ ಸುತ್ತುವ ಹುಡುಗ ಹುಡುಗಿಯರೇ ಅವಳಿಗೆ ಅನ್ನದಾತರು. ಬೆನ್ನ ಚೀಲದ ಪಟ್ಟಿ ಹರಿದಿದ್ದರೆ ಗಿರಾಕಿ ತನ್ನದೇ ಎಂದು ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಮೊಬೈಲಿನಲ್ಲೇ ಕೋಣೆ ಹಿಡಿಯುವ ಕಾಲ ಇನ್ನೂ ಬಂದಿರಲಿಲ್ಲ.

ಅದೇ ಗಿರಾಕಿಗಾಗಿ ಪಕ್ಕದಲ್ಲೇ ಇನ್ನೊಂದು ಬೋರ್ಡು ಕಾಯುತ್ತಿತ್ತು. ಅದನ್ನು ಹಿಡಿದವಳು ಅತ್ತಿಗೆ ತೋಂಕಾ, ತೀರಿಹೋದ ಅಣ್ಣ ದೂಯೆಯ ಹೆಂಡತಿ. ಇಬ್ಬರಿಗೂ ಇದ್ದದ್ದು ಒಂದೇ ಕಲ್ಲುಮನೆ. ಕೋರ್ಟು ನಡುವೆ ಗೋಡೆ ಎಬ್ಬಿಸಿತ್ತು. ಬಾಗಿಲು ಎರಡಾದವು, ಮನೆ ನಂಬರು ಮಾತ್ರ ಹದಿನಾಲ್ಕೇ ಉಳಿಯಿತು. ತೋಂಕಾಳಿಗೆ ಮನೆ ಮಾರುವ ಆತುರ. ಕೊಳ್ಳಲು ಬಂದವನೋ, ಇಡೀ ಮನೆ ಬೇಕು, ಅರ್ಧ ಬೇಡ ಎಂದು ಪಟ್ಟು ಹಿಡಿದಿದ್ದ. ಪೆರೀನಾ ಹುಟ್ಟಿದ್ದು ಅಲ್ಲೇ, ಅವಳ ಅವ್ವ ಕಣ್ಣು ಮುಚ್ಚಿದ್ದೂ ಅಲ್ಲೇ. ಬೇಸಿಗೆಯಲ್ಲಿ ಕೋಣೆ ತುಂಬಿದರೆ ಅವಳ ಚಳಿಗಾಲ ಹೇಗೋ ಸಾಗುತ್ತಿತ್ತು. ಖಾಲಿ ಬಿದ್ದರೆ ಮಾರಾಟಕ್ಕೆ ರುಜು ಹಾಕದೆ ಬೇರೆ ದಾರಿಯಿರಲಿಲ್ಲ. ಇದು ತೋಂಕಾಳಿಗೂ ಚೆನ್ನಾಗಿ ಗೊತ್ತಿತ್ತು.

ಜುಲೈನ ಒಂದು ಬೆಳಿಗ್ಗೆ ಜೋಡಿಯೊಂದು ಸೀದಾ ತೋಂಕಾಳ ಬಳಿ ಹೋಯಿತು. ಚೌಕಾಸಿ ಮುಗಿದು ಚೀಲ ಹೆಗಲೇರಿತು. ಪೆರೀನಾಳ ಮೈಯೆಲ್ಲ ಉರಿದುಹೋಯಿತು. ಹುಡುಗಿಯ ತೋಳು ಹಿಡಿದು, ತನಗೆ ಬರುವ ಹರಕು ಮುರುಕು ಭಾಷೆಯಲ್ಲಿ ಉಸುರಿದಳು:

"ಅಲ್ಲಿಗೆ ಹೋಗ್ಬೇಡ ಮಗಳೇ, ಹಾಸಿಗೆ ತುಂಬಾ ತಿಗಣೆ. ಹೋದ ವಾರ ಬಂದೋರು ರಾತ್ರಿಯೆಲ್ಲಾ ಕೆರ್ಕೊಂಡು ಕೂತಿದ್ರು."

ಹುಡುಗಿ ಬೆಚ್ಚಿಬಿದ್ದಳು. "ಮತ್ತೆ ನಿಮ್ಮನೆ ಎಲ್ಲಿ?"

"ಇಲ್ಲೇ ವರೋಶ್ ಕೇರಿಯಲ್ಲಿ, ಹದಿನಾಲ್ಕನೇ ನಂಬರು."

"ಆಯಮ್ಮನೂ ಹದಿನಾಲ್ಕು ಅಂದ್ರಲ್ಲ?"

ಜೋಡಿ ಮುಖ ಮುಖ ನೋಡಿಕೊಂಡು ಅಲ್ಲಿಂದ ಕಾಲುಕಿತ್ತಿತು. ಅತ್ತಿಗೆ ಈಗ ಮೇಲೆ ಬೀಳುತ್ತಾಳೆಂದು ಪೆರೀನಾ ಸೊಂಟಕ್ಕೆ ಕೈಕೊಟ್ಟು ನಿಂತಳು. ತೋಂಕಾ ಸುಮ್ಮನೆ ನಕ್ಕಳು.

"ತಿಗಣೆನಾ? ಸರಿ ಬಿಡು ಪೆರೀನಾ. ನೀನೇ ಹೇಳಿದ್ಮೇಲೆ ಇರ್ಲೇಬೇಕು."

ಮರುದಿನ ತೋಂಕಾ ಬೋರ್ಡಿಲ್ಲದೆ ಬರಿಗೈಯಲ್ಲಿ ಬಂದಳು. ಮನೆ ಮಾರಿ ಬರುವ ದುಡ್ಡಿನ ಮುಂದೆ ಒಂದು ಬೇಸಿಗೆಯ ಬಾಡಿಗೆ ಅವಳಿಗೆ ಯಾವ ಲೆಕ್ಕ! ಹಡಗಿನಿಂದ ಇಳಿದವರನ್ನೆಲ್ಲ ತಡೆದು ನಿಲ್ಲಿಸಿದಳು. "ಹದಿನಾಲ್ಕಕ್ಕೆ ಮಾತ್ರ ಹೋಗ್ಬೇಡಿ ಮಕ್ಳೇ. ನಂದೇ ಮನೆ, ನಾನೇ ಹೇಳ್ತಿದೀನಿ. ತಿಗಣೆ."

ತನ್ನ ಮನೆಯನ್ನು ತಾನೇ ಹಳಿಯುವವಳನ್ನು ಯಾರು ತಾನೇ ನಂಬುವುದಿಲ್ಲ?

"ಅತ್ತಿಗೆ ಅಂತ ಇಷ್ಟು ದಿನ ಸುಮ್ನಿದ್ದೆ! ಸುಳ್ಳಿ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಪೆರೀನಾ ಕಿರುಚಿದಳು.

"ಸುಳ್ಳಾ? ಹಂಗಾದ್ರೆ ನಿನ್ನೆ ನೀನು ಹೇಳಿದ್ದು ಸುಳ್ಳು ಅಂತ ಈ ಹೆಂಗಸ್ರ ಮುಂದೆ ಹೇಳ್ಬಿಡು, ನೋಡೋಣ."

ಅವರಂತೆಯೇ ಬೋರ್ಡು ಹಿಡಿದು ಗಿರಾಕಿಗೆ ಕಾಯುತ್ತಿದ್ದ ಉಳಿದ ಹೆಂಗಸರೆಲ್ಲ ಕಿವಿ ನಿಮಿರಿಸಿದ್ದರು. ಸುಳ್ಳು ಹೇಳಿ ಗಿರಾಕಿ ಮುರಿದವಳನ್ನು ಅವರು ಮತ್ತೆ ಬಂದರಿಗೆ ಕಾಲಿಡಲು ಬಿಡುವವರಲ್ಲ. ಪೆರೀನಾ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದಳು.

ಪುಡಿಗಾಸಿನಲ್ಲಿ ತಿರುಗುವವರಲ್ಲಿ ಒಬ್ಬರ ಬಾಯಿಮಾತೇ ಇನ್ನೊಬ್ಬರಿಗೆ ದಾರಿ. ಆ ಮಾತು ಹಡಗಿನಿಂದ ಹಡಗಿಗೆ ಹಬ್ಬಿತು. ಆಗಸ್ಟ್ ಬಂದರೂ ಕೋಣೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೊಂದು ಭಾನುವಾರ, ಜನ ಚರ್ಚಿನಿಂದ ಮರಳುವ ಹೊತ್ತಿಗೆ, ಪೆರೀನಾ ಹಾಸಿಗೆಯನ್ನು ಬೀದಿಗೆ ಎಳೆದು ಬಿಸಿಲಿಗೆ ಹರವಿ, ಕೋಲು ಹಿಡಿದು ಬಾರಿಸತೊಡಗಿದಳು.

"ಬನ್ರೋ, ನೋಡ್ರೋ! ಒಂದೇ ಒಂದು ತಿಗಣೆ ತೋರ್ಸಿ, ಸಾಕು!"

ಎದುರುಮನೆ ಮುದುಕಿ ಮೂಗಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವ್ರೇ, ಹಾಸಿಗೆ ಬೀದಿಗೆ ಎಳೆಯೋ ಮಟ್ಟಕ್ಕೆ ಬಂತಾ!"

ಬೀದಿಯುದ್ದಕ್ಕೂ ಕಿಟಕಿಗಳು ಧಡಧಡ ಮುಚ್ಚಿಕೊಂಡವು. ತೆರೆದದ್ದು ತೋಂಕಾಳದ್ದೊಂದೇ.

"ಅದನ್ನ ಮತ್ತೆ ಒಳಗೆ ತರ್ಬೇಡ ಪೆರೀನಾ. ನಾಳೆ ಕೊಳ್ಳೋರು ಬರ್ತಾರೆ, ಖಾಲಿ ಇದ್ರೆ ಅವ್ರಿಗೂ ಅನುಕೂಲ."

ಪೆರೀನಾ ಕೋಲು ಬಿಸಾಕಿ, ನಡುಬೀದಿಯಲ್ಲೇ ಹಾಸಿಗೆಯ ಮೇಲೆ ಕುಸಿದು ಕುಳಿತಳು. ಕತ್ತಿನ ಹಿಂದೆ ಏನೋ ಕಡಿದಂತಾಯಿತು. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದರೂ ತಡೆಯಲಾಗದೆ ಕೆರೆದುಕೊಂಡಳು.