ಮುನಿಆಂಜನಪ್ಪನವರ ಗೇಟಿನ ಮುಂದಿನ ಮೂರಡಿ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಅಡ್ಡರಸ್ತೆಯಲ್ಲಿ ಮುನಿಆಂಜನಪ್ಪನವರ ಮನೆ. ಒಂದು ಕಾಲಕ್ಕೆ ಆ ಬೀದಿಯೆಲ್ಲ ಅವರಪ್ಪನ ರಾಗಿ ಹೊಲ. ಬಡಾವಣೆಯಾದಾಗ ಹೊಲಕ್ಕೆ ಪರಿಹಾರ ಬಂತು, ಒಂದು ಸೈಟೂ ಉಳಿಯಿತು. ಆದರೆ ಅರವತ್ತು ದಾಟಿದ ಮೇಲೂ ಮುನಿಆಂಜನಪ್ಪನವರ ಮನಸ್ಸಿನಲ್ಲಿ ಡಾಂಬರಿನಡಿಯ ಮಣ್ಣೆಲ್ಲ ತಮ್ಮದೇ. ಹಾಗಾಗಿ ಕಾರು ಕೊಂಡಾಗ ಫುಟ್‌ಪಾತಿಗೆ ಅಡ್ಡಲಾಗಿ ಸಿಮೆಂಟಿನ ರ‍್ಯಾಂಪ್ ಹಾಕಿಸಲು ಯಾರನ್ನೂ ಕೇಳಬೇಕೆನಿಸಲಿಲ್ಲ.

ಪಕ್ಕದ ಮನೆಯ ಉಮ್ಮೆ ಕುಲ್ಸುಂ ಮಂಡಿನೋವಿನ ಹೆಂಗಸು. ವಾಕರ್ ಹಿಡಿದು ಆ ದಿಬ್ಬ ಹತ್ತಲಾಗದೆ ರಸ್ತೆಗಿಳಿದು ನಡೆಯತೊಡಗಿದರು. ಒಂದು ಬೆಳಿಗ್ಗೆ ಸ್ಕೂಟರ್ ತಾಗಿ ಬಿದ್ದು ಮೊಣಕೈ ತರಚಿತು. ಅದಾದ ವಾರದೊಳಗೆ, ಫುಟ್‌ಪಾತ್ ತೆರವು ಮಾಡಿ ಎಂದು ಮುನಿಆಂಜನಪ್ಪನವರಿಗೆ ವಾರ್ಡ್ ಆಫೀಸಿನಿಂದ ನೋಟಿಸು ಬಂತು.

ದೂರು ಕೊಟ್ಟವರು ಆಕೆಯೇ ಎಂದುಕೊಂಡು ಇವರು ಮಾತು ಬಿಟ್ಟರು. ಹೆಂಡತಿ ಅಣ್ಣಮ್ಮ ಬೇಡವೆಂದರೂ ಕೇಳದೆ, ಹಳೆಯ ಪತ್ರಗಳ ಚೀಲ ಹಿಡಿದು ವಾರ್ಡ್ ಆಫೀಸಿಗೆ ಹೋದರು. ಅಲ್ಲಿದ್ದ ಸಣ್ಣ ವಯಸ್ಸಿನ ಎಂಜಿನಿಯರ್ ಹಂಸ ಪತ್ರಗಳನ್ನು ನಿಧಾನವಾಗಿ ಓದಿ, ಮಾರನೆಯ ದಿನ ಟೇಪ್ ಹಿಡಿದು ತಾನೇ ಬಂದಳು.

"ಈ ರೋಡೇ ನಮ್ಮಪ್ಪನ ಹೊಲ ಕಣಮ್ಮ," ಎಂದರು ಮುನಿಆಂಜನಪ್ಪ.

"ಆಗ ಇತ್ತು ಸರ್. ಈಗ ಎಲ್ಲಾರ್ದೂ."

ಸೈಟಿನ ಮೂಲೆಗಲ್ಲಿನಿಂದ ಅಳೆದರೆ ರ‍್ಯಾಂಪ್ ಮೂರಡಿ ಹೊರಗಿತ್ತು. ಅದನ್ನು ಬರೆದುಕೊಂಡು ಹಂಸ ಮನೆಯ ಇನ್ನೊಂದು ಪಕ್ಕಕ್ಕೂ ಟೇಪ್ ಹಿಡಿದಳು. ಅನುಮಾನ ಬಂದು ಮತ್ತೊಮ್ಮೆ ಅಳೆದಳು.

"ಸರ್, ಚರಂಡಿ ಕಟ್ಟಿದೋರು ನಿಮ್ಮ ಸೈಟೊಳಗೆ ಒಂದೂವರೆ ಅಡಿ ಬಂದ್ಬಿಟ್ಟಿದ್ದಾರೆ. ಆ ಜಾಗ ನಿಮ್ದೇ. ಚರಂಡಿ ಸರಿಸ್ಬೇಕು ಅಂತ ಬರ್ದು ಕೊಡ್ತೀನಿ."

ಇಷ್ಟು ವರ್ಷ ಅದು ಅವರಿಗೇ ಗೊತ್ತಿರಲಿಲ್ಲ. ತಾವೇ ಬಗ್ಗಿ ಟೇಪಿನ ಅಂಕಿ ನೋಡಿದರು. ದೂರು ಯಾರದೆಂದು ಮೆಲ್ಲಗೆ ಕೇಳಿದರು. ಯಾರದೂ ಅಲ್ಲ, ಈ ಸಾಲಿನಲ್ಲೇ ಒಂಬತ್ತು ಮನೆಗೆ ನೋಟಿಸು ಹೋಗಿದೆ ಎಂದಳು ಹಂಸ.

ಸಂಜೆ ಅವರು ಉಮ್ಮೆ ಕುಲ್ಸುಂ ಬಾಗಿಲಿಗೆ ಹೋದರು. "ನಿಮ್ಮನ್ನ ತಪ್ಪು ತಿಳ್ಕೊಂಡ್ಬಿಟ್ಟೆ ಕಣಮ್ಮ. ನೀವು ಬಿದ್ದಿದ್ದೂ ನನ್ನಿಂದ್ಲೇ."

"ಒಳಗೆ ಬನ್ನಿ ಭಾಯ್, ಚಾಯ್ ಕುಡ್ಕೊಂಡು ಹೋಗಿ," ಎಂದಷ್ಟೇ ಹೇಳಿದರು ಆಕೆ.

ಮುನಿಆಂಜನಪ್ಪ ಗೇಟನ್ನು ಹಿಂದಕ್ಕೆ ಸರಿಸಿ ರ‍್ಯಾಂಪನ್ನು ಕಾಂಪೌಂಡಿನೊಳಗೇ ಮಾಡಿಸಿದರು. ಅಂಗಳ ಕಿರಿದಾಯಿತೆಂದು ಅಣ್ಣಮ್ಮ ಒಂದೆರಡು ದಿನ ಗೊಣಗಿದರು. ಚರಂಡಿ ಸರಿಯಲು ನಾಲ್ಕು ತಿಂಗಳು ಹಿಡಿಯಿತು, ಎಂಟು ಸಲ ಅಲೆಯಬೇಕಾಯಿತು, ಆದರೂ ಸರಿಯಿತು. ಮರಳಿ ದಕ್ಕಿದ ಜಾಗದಲ್ಲಿ ಅಣ್ಣಮ್ಮ ಕರಿಬೇವು ನೆಟ್ಟಿದ್ದಾರೆ. ನೋಟಿಸು ಬಂದ ಉಳಿದ ಮನೆಯವರು ಈಗ ಒಬ್ಬೊಬ್ಬರೇ ಬಂದು, ಗೇಟು ಹಿಂದಕ್ಕೆ ಹಾಕಿದ ಬಗೆಯನ್ನು ನೋಡಿಕೊಂಡು ಹೋಗುತ್ತಿದ್ದಾರೆ.